ಉಡುಗೆ ವಿನ್ಯಾಸ ಮತ್ತು ಲೈಂಗಿಕ ಅಲ್ಪಸಂಖ್ಯಾತರು: ಕಲ್ಯಾಣದ ಸೀಮೆಯಿಂದ

20ನೆಯ ಶತಮಾನದ ಉಡುಗೆ ವಿನ್ಯಾಸದ ಚರಿತ್ರೆಯಿಂದ ಸಲಿಂಗಿ ವಿನ್ಯಾಸಕರ ಹೆಸರುಗಳನ್ನು ತೆಗೆದರೆ ಉಳಿಯುವುದು ಅಲ್ಪ. ಪ್ಯಾರಿಸ್ಸಿನ ಕ್ರಿಶ್ಚಿಯನ್ ಡಿಯೋರ್ ಮತ್ತು ಈವ್ ಸೇಂಟ್ ಲಾರೆಂಟ್, ಲಂಡನ್ನಿನ ಅಲೆಕ್ಸಾಂಡರ್ ಮೆಕ್ವೀನ್, ನ್ಯೂಯಾರ್ಕಿನ ವಿಲ್ಲಿ ಸ್ಮಿತ್, ಗೋವಾದ ವೆಂಡೆಲ್ ರಾಡ್ರಿಕ್ಸ್ ಹೀಗೆ ಪಟ್ಟಿ ಬೆಳೆಯುತ್ತದೆ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಕಡೆಯಿಂದ ನೋಡಿದರೆ ಈ ಕಥೆ ಶುರುವಾಗುವುದು ಹೊಲಿದವರಿಂದಲ್ಲ, ಉಟ್ಟವರಿಂದ. ಗಂಡಾಗಿ ಹುಟ್ಟಿ ಸೀರೆ ಉಟ್ಟವರಿಗೆ ಈ ಸೀಮೆಯಲ್ಲಿ ಆ ಸೀರೆ ದೇವಿಯ ಅಪ್ಪಣೆಯೂ ಆಗಿತ್ತು, ಪೊಲೀಸರ ದಫ್ತರದ ವಿಷಯವೂ ಆಗಿತ್ತು. ಎರಡೂ ಕಡೆಯ ಚರಿತ್ರೆಯನ್ನು ಜೋಡಿಸಿ ಓದಿದಾಗ ಒಂದು ಮಾತು ಎದ್ದು ಕಾಣುತ್ತದೆ. ಬಟ್ಟೆಯ ಲೋಕ ಈ ಜನರ ಕಣ್ಣನ್ನೂ ಕೈಯನ್ನೂ ಬೇಗ ಒಪ್ಪಿಕೊಂಡಿತು. ಅವರ ಹೆಸರನ್ನೂ ಬಾಳನ್ನೂ ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು.

ಕಲ್ಯಾಣದ ಮೂರು ನೆಲೆ

ಕಲ್ಯಾಣಿ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ 12ನೆಯ ಶತಮಾನದ ಆಸುಪಾಸಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಮೂರು ಕೆಲಸಗಳು ನಡೆದವು. ಮೂರಕ್ಕೂ ಈ ವಿಷಯದೊಂದಿಗೆ ನಂಟಿದೆ.

ಮೊದಲನೆಯದು ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'. 1126ರಿಂದ 1138ರವರೆಗೆ ಆಳಿದ ಈ ದೊರೆ ಸಂಸ್ಕೃತದಲ್ಲಿ ಬರೆದ, ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ಅಡುಗೆ, ಆನೆ, ಸಂಗೀತ, ಚಿತ್ರಕಲೆಗಳ ಜೊತೆ ವಸ್ತ್ರಕ್ಕೇ ಒಂದು ಭಾಗ ಮೀಸಲಾಗಿದೆ. ಯಾವ ದೇಶದ ಬಟ್ಟೆ ಯಾವ ಬಗೆಯದು, ಯಾವ ಋತುವಿಗೆ ಯಾವ ನೂಲು, ಯಾವ ಬಣ್ಣ ಎಂಬ ವಿವರ ಅಲ್ಲಿದೆ. ಉಡುಗೆಯನ್ನು ವಿದ್ಯೆಯಾಗಿ ಕಂಡು ಬರೆದಿಟ್ಟ ಇಂಥ ಪಠ್ಯ ಈಗಿನ ಬಸವಕಲ್ಯಾಣದಲ್ಲಿ ಹುಟ್ಟಿತೆಂಬುದನ್ನು ನಮ್ಮ ಫ್ಯಾಶನ್ ಕಾಲೇಜುಗಳು ಮೊದಲ ಪಾಠದಲ್ಲೇ ಹೇಳಬೇಕು.

ಎರಡನೆಯದು ವಿಜ್ಞಾನೇಶ್ವರನ 'ಮಿತಾಕ್ಷರಾ'. ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ರಚಿತವಾದ ಇದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆ ಶತಮಾನಗಳ ಕಾಲ ನಡೆದದ್ದು ಇದರ ಆಧಾರದ ಮೇಲೆ. ಪಿತ್ರಾರ್ಜಿತದಲ್ಲಿ ಪಾಲಿಲ್ಲದವರ ಪಟ್ಟಿ ಕೊಡುವಾಗ ಮೂಲ ಸ್ಮೃತಿ 'ಕ್ಲೀಬ' ಎನ್ನುತ್ತದೆ. ವಿಜ್ಞಾನೇಶ್ವರ ಅದನ್ನು 'ತೃತೀಯಾ ಪ್ರಕೃತಿ' ಎಂದು ವಿವರಿಸುತ್ತಾನೆ. ಅಂಥವರಿಗೆ ಅನ್ನ ಬಟ್ಟೆ ಕೊಡಬೇಕು, ಪಾಲು ಕೊಡಬೇಕಿಲ್ಲ. ಹೊಲ, ಮನೆ ಬರುವುದಿಲ್ಲವೆಂದ ಮೇಲೆ ಮೂರನೆಯ ಪ್ರಕೃತಿಯವರೆಂದು ಗುರುತಿಸಲ್ಪಟ್ಟವರಿಗೆ ಉಳಿಯುತ್ತಿದ್ದುದು ಮೈಯಲ್ಲಿನ ಕಸುಬು: ಕುಣಿತ, ಹಾಡು, ಸಿಂಗಾರ, ಅಂತಃಪುರದ ಚಾಕರಿ, ದೇವರ ಸೇವೆ. ಸಿಂಗಾರದ ಕಸುಬುಗಳಲ್ಲಿ ಇವರು ಇಷ್ಟು ದಟ್ಟವಾಗಿ ಕಾಣಲು ಹುಟ್ಟುಗುಣ ಕಾರಣವೆಂದು ಹೇಳುವವರಿದ್ದಾರೆ. ಆಸ್ತಿಯ ಬಾಗಿಲು ಮುಚ್ಚಿದ್ದೇ ಅದಕ್ಕಿಂತ ದೊಡ್ಡ ಕಾರಣವೆಂದು ಈ ಲೇಖಕರ ಅಭಿಪ್ರಾಯ.

ಮೂರನೆಯದು ಶರಣರ ಚಳವಳಿ. ಕಾಯಕವನ್ನು ಪೂಜೆಗೆ ಸಮನಾಗಿ ನಿಲ್ಲಿಸಿದ ಕಲ್ಯಾಣದಲ್ಲಿ ಬಟ್ಟೆಗೆ ಸಂಬಂಧಿಸಿದ ಕಸುಬಿನವರೇ ಅನೇಕರು. ಸೂಜಿಕಾಯಕದ ರಾಮಿತಂದೆ ಹೊಲಿಗೆಯವನು; ಮಡಿವಾಳ ಮಾಚಿದೇವ ಬಟ್ಟೆ ಒಗೆಯುವವನು. ಬಸವಣ್ಣನವರಿಗಿಂತ ಹಿಂದಿನ ಜೇಡರ ದಾಸಿಮಯ್ಯ ನೇಕಾರ. ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದು, ದೇಹದ ಗುರುತುಗಳನ್ನೇ ಎತ್ತಿಕೊಂಡು ವಾದಿಸುವ ಪ್ರಸಿದ್ಧ ವಚನ ಈ ನೇಕಾರನದು. ಉಟ್ಟ ಬಟ್ಟೆಯನ್ನೇ ತೊರೆದು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅನುಭವ ಮಂಟಪದಲ್ಲಿ ಪ್ರಶ್ನಿಸಿದ ಪ್ರಸಂಗ ಎಲ್ಲರಿಗೂ ಗೊತ್ತಿರುವಂಥದು. ಬೆತ್ತಲೆ ಬಂದು ಬೊಂತೆ ಹೊದ್ದ ಬೊಂತಾದೇವಿಯ ಕಥೆಯೂ ಈ ಊರಿನದೇ. ಈ ಶರಣರನ್ನು ಇಂದಿನ ಗುರುತುಗಳ ಚೌಕಟ್ಟಿನಲ್ಲಿ ಕೂರಿಸುವುದು ಸರಿಯಲ್ಲ. ಆದರೆ ಉಡುಗೆ, ದೇಹ, ಹೆಣ್ಣು-ಗಂಡೆಂಬ ಗೆರೆ, ಈ ಮೂರನ್ನೂ ಒಟ್ಟಿಗೆ ಹಿಡಿದು ಚರ್ಚಿಸುವ ಧೈರ್ಯ ಕನ್ನಡಕ್ಕೆ ಎರವಲು ಬಂದದ್ದಲ್ಲ ಎನ್ನಲು ಇಷ್ಟು ಸಾಕು.

ಸೀರೆ ಅಪರಾಧವಾದಾಗ

ಬೀದರ್ ಸೀಮೆ 1948ರವರೆಗೆ ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು. ಬಸವಕಲ್ಯಾಣ ಕಲ್ಯಾಣಿ ನವಾಬರ ಜಹಗೀರು. ನಿಜಾಮ್ ಸರ್ಕಾರ 1329 ಫಸಲಿಯಲ್ಲಿ, ಅಂದರೆ 1919ರಲ್ಲಿ, ನಪುಂಸಕರ ಕಾಯಿದೆಯೊಂದನ್ನು ತಂದಿತು. 1871ರ ಬ್ರಿಟಿಷ್ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿದ್ದ ಇಂಥದೇ ಭಾಗ ಇದಕ್ಕೆ ಮಾದರಿ. ಹೈದರಾಬಾದ್ ನಗರದಲ್ಲಿ ಮತ್ತು ಸರ್ಕಾರ ಸೂಚಿಸುವ ಇತರ ಸ್ಥಳಗಳಲ್ಲಿ ಇರುವ, ಅಪರಾಧದ ಶಂಕೆಯುಳ್ಳ ಹಿಜಡಾಗಳ ಹೆಸರನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು ಎಂಬುದು ಅದರ ಮೊದಲ ಅಂಶ. ಹಾಗೆ ಹೆಸರು ದಾಖಲಾದವರು ಬೀದಿಯಲ್ಲಿ ಹೆಂಗಸಿನ ಉಡುಪು ತೊಟ್ಟು, ಒಡವೆ ಹಾಕಿಕೊಂಡು ಕಾಣಿಸಿದರೆ, ಇಲ್ಲವೇ ಕುಣಿದರೆ, ವಾದ್ಯ ನುಡಿಸಿದರೆ ವಾರಂಟಿಲ್ಲದೆ ಹಿಡಿಯಬಹುದು. ಎರಡು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಮೂರನೆಯ ಪ್ರಕೃತಿಗೆ ಅನ್ನ ಬಟ್ಟೆಯನ್ನಾದರೂ ಉಳಿಸಿದ್ದ ಹಳೆಯ ಧರ್ಮಶಾಸ್ತ್ರಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಈ ಕಾನೂನು ಬಟ್ಟೆಯನ್ನೇ ಕಿತ್ತುಕೊಂಡಿತು. ಬಳೆ, ಸೀರೆ, ಗೆಜ್ಜೆ ಎಲ್ಲವೂ ಪೊಲೀಸರಿಗೆ ಸಾಕ್ಷ್ಯ.

1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ತೆಲಂಗಾಣದ ಭಾಗದಲ್ಲಿ ಮಾತ್ರ ಆ ಕಾಯಿದೆ ಕಾನೂನು ಪುಸ್ತಕದಲ್ಲಿ ಉಳಿದೇ ಇತ್ತು. ವೈಜಯಂತಿ ವಸಂತ ಮೊಗ್ಲಿ ಮತ್ತಿತರರು ಹೂಡಿದ ಅರ್ಜಿಯ ಮೇಲೆ ತೆಲಂಗಾಣ ಹೈಕೋರ್ಟ್ 2023ರ ಜುಲೈನಲ್ಲಿ ಅದನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಕರ್ನಾಟಕದ ದಾಖಲೆಯೂ ಚೊಕ್ಕವಾಗಿಲ್ಲ. ಕರ್ನಾಟಕ ಪೊಲೀಸ್ ಕಾಯಿದೆಗೆ 2011ರಲ್ಲಿ ಸೇರಿದ 36ಎ ಕಲಂ ಹಿಜಡಾಗಳ ರಿಜಿಸ್ಟರ್ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. ಸಮುದಾಯದವರು ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ, 2016ರ ತಿದ್ದುಪಡಿಯಲ್ಲಿ ಆ ಸಮುದಾಯವನ್ನು ಗುರಿಮಾಡಿದ ಪದ ಹೋಯಿತು.

ಈ ಕಾನೂನುಗಳ ಉಲ್ಲೇಖ ವಿನ್ಯಾಸದ ಲೇಖನದಲ್ಲಿ ಏಕೆಂದು ಕೇಳಬಹುದು. ಯಾವ ಬಟ್ಟೆಯನ್ನು ಯಾರು ತೊಡಬಹುದೆಂಬ ಪ್ರಶ್ನೆಯೇ ಆಧುನಿಕ ಉಡುಗೆ ವಿನ್ಯಾಸದ ಹೊಟ್ಟೆಯಲ್ಲಿರುವ ಪ್ರಶ್ನೆ. 1966ರಲ್ಲಿ ಪ್ಯಾರಿಸ್ಸಿನ ಹೆಂಗಸಿಗೆ ಗಂಡಸಿನ ಟಕ್ಸಿಡೋ ತೊಡಿಸಿದ ಸೇಂಟ್ ಲಾರೆಂಟ್‌ಗೆ ಚಪ್ಪಾಳೆ ಸಿಕ್ಕಿತು. ಅದೇ ಗೆರೆಯನ್ನು ಇನ್ನೊಂದು ಬದಿಯಿಂದ ದಾಟಿದವರನ್ನು ಹೈದರಾಬಾದಿನಲ್ಲಿ ಹಿಡಿದೊಯ್ಯಲು ಕಾನೂನಿತ್ತು.

ಜೋಗಪ್ಪಗಳ ಉಡುಗೆ

ಉತ್ತರ ಕರ್ನಾಟಕ ಮತ್ತು ಅದಕ್ಕೆ ತಾಗಿದ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದ ಜಿಲ್ಲೆಗಳಲ್ಲಿ ಸವದತ್ತಿ ಯಲ್ಲಮ್ಮನಿಗೆ, ಹುಲಿಗಿಯ ಹುಲಿಗೆಮ್ಮನಿಗೆ ಒಪ್ಪಿಸಿಕೊಂಡ ಜೋಗಪ್ಪಗಳು ಶತಮಾನಗಳಿಂದ ಇದ್ದಾರೆ. ಗಂಡಾಗಿ ಹುಟ್ಟಿದವರ ಮೈಮೇಲೆ ದೇವಿ ಬಂದಳೆಂದು ಊರು ಒಪ್ಪಿದ ಮೇಲೆ ಮುತ್ತು ಕಟ್ಟುತ್ತಾರೆ. ಅಲ್ಲಿಂದ ಅವರು ಹೆಣ್ಣುಡುಗೆಯಲ್ಲಿ ಬಾಳುತ್ತಾರೆ. ಜನ ಕಾಲಿಗೆ ಬೀಳುತ್ತಾರೆ, ಮನೆಯೊಳಗೆ ಮಾತ್ರ ಕರೆಯುವುದು ಕಡಿಮೆ.

ಈ ದೀಕ್ಷೆಯ ಕೇಂದ್ರದಲ್ಲಿರುವುದು ಬಟ್ಟೆಯೇ. ಬಳ್ಳಾರಿ ಸೀಮೆಯಲ್ಲಿ ಹುಟ್ಟಿ ಬೆಳೆದ ಬಿ. ಮಂಜಮ್ಮ ಜೋಗತಿ ತಮಗೆ ಹುಲಿಗಿಯಲ್ಲಿ ಆದದ್ದನ್ನು ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಮೊದಲು ಉಡಿದಾರ ಕತ್ತರಿಸಿದರು. ಆಮೇಲೆ ಲಂಗ, ಕುಬಸ, ಸೀರೆ ಕೊಟ್ಟರು, ಬಳೆ ತೊಡಿಸಿದರು, ಮುತ್ತು ಕಟ್ಟಿದರು. ಮಗನನ್ನು ಕಳೆದುಕೊಂಡೆನೆಂದು ತಾಯಿ ಅತ್ತರು. ಗಂಡುಮಗುವಿಗೆ ಕೂಸಾಗಿದ್ದಾಗ ಕಟ್ಟಿದ ದಾರ ಕಡಿದು ಬಿದ್ದರೆ ಗಂಡಸ್ತನದ ಲೆಕ್ಕ ಮುಗಿಯಿತು. ಆರು ಗಜದ ಬಟ್ಟೆ ಸುತ್ತಿಕೊಂಡ ಕ್ಷಣದಿಂದ ಹೊಸ ಜನ್ಮ. ಉಡುಗೆಯೊಂದು ಇಷ್ಟು ಭಾರವನ್ನು ಹೊರುವ ಇನ್ನೊಂದು ಸಂದರ್ಭ ನಮ್ಮ ಲೋಕರೂಢಿಯಲ್ಲಿ ಸಿಗುವುದು ಕಷ್ಟ.

ಹೀಗೆ ಮುತ್ತು ಕಟ್ಟಿಸಿಕೊಂಡ ಜೋಗತಿಯರ ಅಲಂಕಾರಕ್ಕೆ ತನ್ನದೇ ವ್ಯಾಕರಣವಿದೆ. ಕೊರಳಲ್ಲಿ ಕೆಂಪು-ಬಿಳಿ ಮಣಿಯ ಮುತ್ತು, ಕವಡೆ ಸರ, ಹಣೆಯ ತುಂಬ ಭಂಡಾರ, ಅದರ ಮೇಲೆ ಕುಂಕುಮ, ಕೈತುಂಬ ಹಸಿರು ಬಳೆ, ತುರುಬಿಗೆ ಹೂವು. ದೇವಿಯ ಮೂರ್ತಿಯಿರುವ ಕೊಡವನ್ನು ತಲೆಯ ಮೇಲೆ ಹೊತ್ತು, ಚೌಡಿಕೆಯ ನಾದಕ್ಕೆ ಕುಣಿಯುವಾಗ ಕೊಡ ಅಲುಗಬಾರದು, ಕಾಲು ತೊಡರಬಾರದು. ಹಾಗಾಗಿ ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸುತ್ತಾರೆ. ನೆರಿಗೆಯನ್ನು ಹೆಜ್ಜೆಗೆ ಬಿಡುವು ಸಿಗುವಷ್ಟು ಎತ್ತಿ ಉಡುತ್ತಾರೆ. ಅಂದಕ್ಕೂ ಅನುಕೂಲಕ್ಕೂ ಒಂದೇ ಮಡಿಕೆಯಲ್ಲಿ ಉತ್ತರ ಹುಡುಕುವುದೇ ವಿನ್ಯಾಸವಾದರೆ ಇದು ವಿನ್ಯಾಸವೇ. ಇದನ್ನು ಗುರುವಿನಿಂದ ಶಿಷ್ಯೆ ನೋಡಿ ಕಲಿಯುತ್ತಾಳೆ. ಯಾವ ಪಠ್ಯಪುಸ್ತಕದಲ್ಲೂ ಬರೆದಿಟ್ಟಿಲ್ಲ.

ಉತ್ತರ ಕರ್ನಾಟಕದ ಸೀರೆಯೆಂದರೆ ಇಳಕಲ್ ಸೀರೆ. ಒಡಲು ಮತ್ತು ಸೆರಗಿಗೆ ಬೇರೆ ಬೇರೆ ಹಾಸು. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಕೆಂಪು ರೇಷ್ಮೆಯ ಸೆರಗಿನ ಮೇಲೆ ಬಿಳಿಯ ಟೋಪ್ ತೆನೆ ಬರುತ್ತದೆ. ಯಲ್ಲಮ್ಮನಿಗೆ ಉಡಿಸುವುದೂ ಉಡಿ ತುಂಬುವುದೂ ಇಂಥ ಸೀರೆ, ಗುಳೇದಗುಡ್ಡದ ಖಣಗಳಿಂದಲೇ. ಪವರ್‌ಲೂಮಿನ ಅಗ್ಗದ ಸೀರೆ ಬಂದು ಊರಿನ ಹುಡುಗಿಯರು ಕೈಮಗ್ಗವನ್ನು ಬಿಟ್ಟ ಕಾಲದಲ್ಲೂ ಹರಕೆ, ಉಡಿ, ಜಾತ್ರೆಗಳ ನೆಪದಲ್ಲಿ ಈ ನೇಯ್ಗೆಗೆ ಒಂದಿಷ್ಟು ಗಿರಾಕಿ ಉಳಿಯಿತು. ಆ ಗಿರಾಕಿಗಳಲ್ಲಿ ಜೋಗತಿಯರೂ ಇದ್ದಾರೆಂಬುದನ್ನು ಜವಳಿಯ ಚರಿತ್ರೆ ಬರೆಯುವವರು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ನಿಂತು ಸೆರಗಿನ ಅಂಚು ಹಿಡಿದು ದೃಷ್ಟಿ ನಿವಾಳಿಸಿದರು. ಅದೇ ದಿನಗಳಲ್ಲಿ ಅದೇ ಸಭಾಂಗಣಕ್ಕೆ ಉತ್ತರ ಕನ್ನಡದ ತುಳಸಿ ಗೌಡರು ಹಾಲಕ್ಕಿ ಉಡುಗೆಯಲ್ಲಿ, ಬರಿಗಾಲಲ್ಲಿ ಬಂದಿದ್ದರು. ಎರಡು ಚಿತ್ರಗಳೂ ದೇಶದ ಪತ್ರಿಕೆಗಳ ತುಂಬ ಹರಿದಾಡಿದವು. ಜೋಗತಿಯ ಸೆರಗನ್ನು ದೇಶ ಮೊದಲ ಬಾರಿಗೆ ಗೌರವದಿಂದ ನೋಡಿದ್ದು ಅಂದು.

ರಂಗದ ಹೆಣ್ಣುಡುಗೆ

ಗಂಡಸರು ತೊಟ್ಟ ಹೆಣ್ಣುಡುಗೆ ಹೆಂಗಸರ ಫ್ಯಾಶನ್ನನ್ನು ತಿದ್ದಿದ ಇನ್ನೊಂದು ದಾರಿ ರಂಗಭೂಮಿ. ಮರಾಠಿ-ಕನ್ನಡ ಗಡಿಯ ಈ ಭಾಗದಲ್ಲಿ ಬಾಲಗಂಧರ್ವರ (1888-1967) ಹೆಸರು ಮನೆಮಾತಾಗಿತ್ತು. ಅವರು ಸ್ತ್ರೀಪಾತ್ರದಲ್ಲಿ ಉಟ್ಟ ಸೀರೆಯ ಬಗೆ, ಇಟ್ಟ ಒಡವೆ, ಮುಡಿದ ಹೂವನ್ನು ಪ್ರತಿಷ್ಠಿತ ಮನೆತನಗಳ ಹೆಂಗಸರು ಅನುಕರಿಸಿದರು. ದುಬಾರಿ ಸೀರೆ, ಸುಗಂಧಗಳಿಗೆ ಅವರ ಮಂಡಳಿ ಸುರಿದ ಹಣ ಅವರನ್ನು ಸಾಲಕ್ಕೂ ದೂಡಿತು. ಸ್ತ್ರೀಪಾತ್ರ ಮಾಡಿದ ಮಾತ್ರಕ್ಕೆ ಯಾವ ನಟನ ಲೈಂಗಿಕತೆಯನ್ನೂ ತೀರ್ಮಾನಿಸಲಾಗದು, ಬಾಲಗಂಧರ್ವರದ್ದಂತೂ ಅಲ್ಲವೇ ಅಲ್ಲ. ಆದರೆ ಹೆಣ್ಣಿನ ಅಂದವನ್ನು ಗಂಡುದೇಹದ ಮೇಲೆ ಕಲ್ಪಿಸಿಕೊಂಡು ಮರಳಿ ಹೆಣ್ಣಿಗೇ ಕಲಿಸುವ ಪರಿಪಾಠಕ್ಕೆ ನಮ್ಮಲ್ಲಿ ಬೇರುಗಳಿದ್ದವೆಂಬುದಕ್ಕೆ ಇದು ಸಾಕ್ಷಿ.

ಪ್ಯಾರಿಸ್, ಲಂಡನ್, ನ್ಯೂಯಾರ್ಕ್

ಪಶ್ಚಿಮದ ಕಥೆ ಹೆಚ್ಚು ದಾಖಲಾಗಿದೆ. ಇಲ್ಲಿ ಮುಖ್ಯವಾದಷ್ಟನ್ನು ನೋಡಿದರೆ ಸಾಕು. ಎರಡನೆಯ ಮಹಾಯುದ್ಧದ ಬಳಿಕ 1947ರಲ್ಲಿ ಡಿಯೋರ್ ಮಂಡಿಸಿದ, ಬಿಗಿ ಸೊಂಟ ಮತ್ತು ಅಗಲ ಲಂಗದ ಹೊಸ ನಿಲುವು ಒಂದು ದಶಕದ ಹೆಣ್ಣುಡುಗೆಯನ್ನು ಆಳಿತು. ಡಿಯೋರ್ ತನ್ನ ಖಾಸಗಿ ಬದುಕನ್ನು ಮರೆಯಲ್ಲೇ ಇಟ್ಟುಕೊಂಡವನು. ಅವನ ಉತ್ತರಾಧಿಕಾರಿ ಸೇಂಟ್ ಲಾರೆಂಟ್ ತನ್ನ ಸಂಗಾತಿ ಪಿಯರ್ ಬೆರ್ಜೆಯ ಜೊತೆ 1961ರಲ್ಲಿ ಸ್ವಂತ ಸಂಸ್ಥೆ ಕಟ್ಟಿದ. ಹೆಂಗಸರಿಗಾಗಿ ಅವನು ಹೊಲಿದ ಟಕ್ಸಿಡೋ 'ಲ ಸ್ಮೋಕಿಂಗ್' ಹೆಣ್ಣು ಪ್ಯಾಂಟು ತೊಟ್ಟು ಔತಣಕ್ಕೆ ಹೋಗುವುದನ್ನು ಸಹಜವಾಗಿಸಿತು. ಝಾಂ ಪಾಲ್ ಗೊಟಿಯೇ 1980ರ ದಶಕದಲ್ಲಿ ಗಂಡಸರಿಗೆ ಲಂಗ ತೊಡಿಸಿದ. ಪ್ಯಾರಿಸ್ಸಿನ ರಸಿಕರು ಬೆರಗಾದರು. ಲುಂಗಿ, ಪಂಚೆ, ಕಚ್ಚೆ ಕಂಡ ನಮ್ಮ ಕಡೆಯವರಿಗೆ ಅದರಲ್ಲಿ ಅಷ್ಟೊಂದು ಬೆರಗು ಕಾಣುವುದು ಕಷ್ಟ.

ಹೋರಾಟ ಮತ್ತು ವಿನ್ಯಾಸ ಒಂದೇ ಕೈಯಲ್ಲಿದ್ದ ಉದಾಹರಣೆ ರೂಡಿ ಗರ್ನ್‌ರೈಖ್. ನಾಜಿಗಳಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಅಮೆರಿಕಕ್ಕೆ ಬಂದ ಈ ಯಹೂದಿ, ಲಾಸ್ ಏಂಜಲೀಸಿನಲ್ಲಿ 1950ರಲ್ಲಿ ಹುಟ್ಟಿದ ಸಲಿಂಗಿಗಳ ಸಂಘಟನೆ ಮ್ಯಾಟಶೀನ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬ. ಅಂದಿನ ಭಯದ ವಾತಾವರಣದಲ್ಲಿ ಅವನ ಹೆಸರು ಹೊರಗೆ ಬರಲಿಲ್ಲ. ಹೆಣ್ಣು-ಗಂಡು ಇಬ್ಬರೂ ತೊಡಬಹುದಾದ ಒಂದೇ ಉಡುಪನ್ನು 1970ರ ಹೊತ್ತಿಗೆ ಅವನು ಮುಂದಿಟ್ಟ. ಈಗ ಅಂಗಡಿಗಳಲ್ಲಿ ನೇತಾಡುವ 'ಯೂನಿಸೆಕ್ಸ್' ಬಟ್ಟೆಯ ಹಿಂದೆ ಅಂಥ ಒಂದು ರಾಜಕೀಯ ಕನಸಿತ್ತು.

ಭಾರತದ ಹತ್ತಿಗೂ ಈ ಚರಿತ್ರೆಗೂ ನೇರ ಸಂಬಂಧ ಕಲ್ಪಿಸಿದವನು ವಿಲ್ಲಿ ಸ್ಮಿತ್ (1948-1987). ಕಪ್ಪು ಜನಾಂಗದ ಈ ಸಲಿಂಗಿ ವಿನ್ಯಾಸಕ 1976ರಲ್ಲಿ ಆರಂಭವಾದ 'ವಿಲ್ಲಿವೇರ್' ಮೂಲಕ ಬೀದಿಯ ಜನರಿಗೆ ಎಟಕುವ ಬೆಲೆಯ, ಸಡಿಲವಾದ ಹತ್ತಿ ಉಡುಪುಗಳನ್ನು ಮಾಡಿದ. ಅವುಗಳ ಬಟ್ಟೆಯೂ ಹೊಲಿಗೆಯೂ ಬಹುಮಟ್ಟಿಗೆ ಭಾರತದವು. ಜವಳಿ ಖರೀದಿಗೆಂದು 1987ರಲ್ಲಿ ಭಾರತಕ್ಕೆ ಬಂದು ಮರಳಿದ ಸ್ವಲ್ಪ ದಿನಕ್ಕೆ ಅವನು ತೀರಿಕೊಂಡ. ಏಡ್ಸ್ ಅವನ ದೇಹವನ್ನು ಮೊದಲೇ ತಿಂದಿತ್ತು. ಅದರ ಹಿಂದಿನ ವರ್ಷ ಪೆರಿ ಎಲ್ಲಿಸ್, 1990ರಲ್ಲಿ ಹಾಲ್ಸ್ಟನ್ ಮತ್ತು ಪ್ಯಾಟ್ರಿಕ್ ಕೆಲ್ಲಿ ಹೋದರು. ಹೆಸರಾದ ವಿನ್ಯಾಸಕರ ಜೊತೆಗೆ ಕಟಿಂಗ್ ಮಾಸ್ತರರು, ಕೇಶ ಶೃಂಗಾರದವರು, ಛಾಯಾಗ್ರಾಹಕರು, ಅಂಗಡಿಯ ಕಿಟಕಿ ಅಲಂಕರಿಸುವವರು ಎಷ್ಟೋ ಮಂದಿ ಆ ದಶಕದಲ್ಲಿ ಇಲ್ಲವಾದರು. ಒಂದು ಕಸುಬಿನ ಕಲಿಸುವ ತಲೆಮಾರು ಇಡಿಯಾಗಿ ಉದುರಿದ ದುರಂತವದು. ನ್ಯೂಯಾರ್ಕಿನ ವಿನ್ಯಾಸಕರು 1990ರಲ್ಲಿ ಏಡ್ಸ್ ನಿಧಿಗಾಗಿ ಒಟ್ಟುಗೂಡಿ ಮಾರಾಟ ಏರ್ಪಡಿಸಿದಾಗ ಉದ್ಯಮ ತನ್ನವರನ್ನು ತನ್ನವರೆಂದು ಬಹಿರಂಗವಾಗಿ ಹೇಳಿಕೊಳ್ಳುವ ಒಂದು ಹೆಜ್ಜೆ ಇಟ್ಟಿತು.

ಮೆಕ್ವೀನ್ (1969-2010) ಲಂಡನ್ನಿನ ಸ್ಯಾವಿಲ್ ರೋ ದರ್ಜಿ ಅಂಗಡಿಯಲ್ಲಿ ಕೋಟು ಹೊಲಿಯುತ್ತ ಕಲಿತ ಟ್ಯಾಕ್ಸಿ ಚಾಲಕನ ಮಗ. ಫ್ಯಾಶನ್ ಎಂದರೆ ಶ್ರೀಮಂತರ ಚಟವೆಂದು ನಂಬಿರುವ ನಮ್ಮ ಓದುಗರು ಅವನ ಬದುಕನ್ನು ನೋಡಬೇಕು. ನ್ಯೂಯಾರ್ಕಿನ ಫ್ಯಾಶನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಮ್ಯೂಸಿಯಂ 2013ರಲ್ಲಿ ಈ ಇಡೀ ಪರಂಪರೆಯ ಮೇಲೆ ದೊಡ್ಡ ಪ್ರದರ್ಶನ ಏರ್ಪಡಿಸಿತು. ಅಲ್ಲಿಯವರೆಗೆ ಎಲ್ಲರಿಗೂ ಗೊತ್ತಿದ್ದು ಯಾರೂ ಬರೆಯದಿದ್ದ ಸಂಗತಿ ಮ್ಯೂಸಿಯಮ್ಮಿನ ಗೋಡೆಗೆ ಬಂತು.

ಈ ಪ್ರಭಾವಕ್ಕೆ ಟೀಕೆಯೂ ಇದೆ, ಅದು ನ್ಯಾಯವಾದದ್ದೂ ಹೌದು. ಹೆಣ್ಣಿನ ದೇಹ ಹೇಗಿರಬೇಕೆಂದು ಗಂಡಸರೇ ನಿರ್ಧರಿಸಿದರು, ಸಪೂರ ಮೈಯ ಹುಚ್ಚು ಹಿಡಿಸಿದರು ಎಂದು ಸ್ತ್ರೀವಾದಿಗಳು ಹೇಳುತ್ತ ಬಂದಿದ್ದಾರೆ. ಖ್ಯಾತಿ ದಕ್ಕಿದ್ದು ಹೆಚ್ಚಾಗಿ ಸಲಿಂಗಿ ಗಂಡಸರಿಗೆ. ಜರ್ಮನಿಯ ಯಿಲ್ ಸಾಂಡರ್ ಅವರಂತೆ ತಾನು ಸಲಿಂಗಿಯೆಂದು ಮುಚ್ಚಿಡದೆ ಬಾಳಿದ ಮಹಿಳಾ ವಿನ್ಯಾಸಕರು ಬೆರಳೆಣಿಕೆಯವರು.

ಗೋವಾ, ಮುಂಬಯಿ, ದೆಹಲಿ

ಭಾರತದಲ್ಲಿ ವಿನ್ಯಾಸ ಒಂದು ಉದ್ಯೋಗವಾಗಿ ರೂಪುಗೊಂಡದ್ದು 1986ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಫ್ಯಾಶನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ಆರಂಭವಾದ ಮೇಲೆ. ಬೆಂಗಳೂರಿನ ಕೇಂದ್ರ 1997ರದ್ದು. ಮೊದಲ ಇಂಡಿಯಾ ಫ್ಯಾಶನ್ ವೀಕ್ 2000ದಲ್ಲಿ ನಡೆಯಿತು. ಆಗ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ, ದಂಡ ಸಂಹಿತೆಯ 377ನೆಯ ಕಲಂ ಇನ್ನೂ ಜಾರಿಯಲ್ಲಿತ್ತು. ಅದರ ನೆರಳಲ್ಲೇ ತಮ್ಮ ಬದುಕನ್ನು ಮುಚ್ಚಿಡದೆ ಕೆಲಸ ಮಾಡಿದವರಲ್ಲಿ ವೆಂಡೆಲ್ ರಾಡ್ರಿಕ್ಸ್ (1960-2020) ಎದ್ದು ಕಾಣುತ್ತಾರೆ. 2002ರಲ್ಲಿ ಗೋವಾದ ಕೋಲ್ವಾಲೆಯ ತಮ್ಮ ಮನೆಯಲ್ಲಿ ಸಂಗಾತಿ ಜೆರೋಮ್ ಮರೆಲ್ ಜೊತೆ ಫ್ರೆಂಚ್ ಕಾನೂನಿನಡಿ ನಾಗರಿಕ ಒಡಂಬಡಿಕೆ ಮಾಡಿಕೊಂಡರು. 2014ರಲ್ಲಿ ಪದ್ಮಶ್ರೀ ಬಂತು.

ಕನ್ನಡ ನಾಡಿಗೆ ಹತ್ತಿರವಾದ ಅವರ ಕೆಲಸ ಕುಣಬಿ ಸೀರೆಯ ಪುನರುಜ್ಜೀವನ. ಗೋವಾದಲ್ಲೂ ನಮ್ಮ ಜೋಯಿಡಾ ಕಡೆಯಲ್ಲೂ ಇರುವ ಕುಣಬಿ ಹೆಂಗಸರು ಮೊಣಕಾಲವರೆಗೆ ಉಟ್ಟು ಹೆಗಲ ಮೇಲೆ ಗಂಟು ಹಾಕುತ್ತಿದ್ದ, ಕೆಂಪು ಚೌಕುಳಿಯ ದಪ್ಪ ಹತ್ತಿ ಸೀರೆಯದು. ಹೊಲ ಗದ್ದೆಯಲ್ಲಿ ಬಾಗಿ ದುಡಿಯುವವರ ಉಡುಗೆ. ನೇಯುವವರೇ ಇಲ್ಲವಾಗುತ್ತಿದ್ದ ಹೊತ್ತಿನಲ್ಲಿ ರಾಡ್ರಿಕ್ಸ್ ನೇಕಾರರನ್ನು ಹುಡುಕಿ, ಉದ್ದ ಹೆಚ್ಚಿಸಿ, ನೂಲು ಹಗುರಗೊಳಿಸಿ 2010ರ ಸುಮಾರಿಗೆ ಫ್ಯಾಶನ್ ವೇದಿಕೆಗೆ ತಂದರು. ಗೋವಾದ ಉಡುಗೆಯ ಚರಿತ್ರೆಯನ್ನು 'ಮೋದಾ ಗೋವಾ' (2012) ಎಂಬ ಪುಸ್ತಕವಾಗಿ ಬರೆದರು; ಅದೇ ಹೆಸರಿನ ಮ್ಯೂಸಿಯಂ ಕಟ್ಟಲು ತೊಡಗಿದರು. ಅಂಚಿಗೆ ತಳ್ಳಲ್ಪಟ್ಟವನೊಬ್ಬ ಅಂಚಿನಲ್ಲಿದ್ದ ಬಟ್ಟೆಯೊಂದನ್ನು ಕೈಹಿಡಿದ ಕೆಲಸವಿದು. ಅವರ ಸಮುದ್ರತೀರದ ಉಡುಪುಗಳಿಗಿಂತ ಇದೇ ಹೆಚ್ಚು ಬಾಳುತ್ತದೆ.

ಮನೀಶ್ ಅರೋರಾ ಹಾದಿ ಬೇರೆ. ದೆಹಲಿಯ ನಿಫ್ಟಿನಲ್ಲಿ ಕಲಿತ ಅವರು ಗುಲಾಬಿ, ಚಿನ್ನದ ಬಣ್ಣಗಳನ್ನೂ ನಮ್ಮ ಬೀದಿಯ ಕಣ್ಣು ಕೋರೈಸುವ ಅಲಂಕಾರವನ್ನೂ ಪ್ಯಾರಿಸ್ಸಿಗೆ ಒಯ್ದರು. 2011ರಲ್ಲಿ ಪಾಕೊ ರಬಾನ್ ಸಂಸ್ಥೆಯ ಸೃಜನಶೀಲ ನಿರ್ದೇಶಕರಾದರು. 2016ರಲ್ಲಿ ಫ್ರಾನ್ಸ್ ಲೀಜನ್ ಆಫ್ ಆನರ್ ಕೊಟ್ಟಿತು. ಮುಂಬಯಿಯ ಸಾಯಿಶಾ ಶಿಂದೆ ವಿನ್ಯಾಸಕಿಯಾಗಿ ಹೆಸರಾದ ಮೇಲೆ, 2021ರ ಜನವರಿಯಲ್ಲಿ ತಾವು ಟ್ರಾನ್ಸ್ ಮಹಿಳೆಯೆಂದು ಪ್ರಕಟಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಹರ್ನಾಜ್ ಸಂಧು ಭುವನಸುಂದರಿ (ಮಿಸ್ ಯೂನಿವರ್ಸ್) ಕಿರೀಟ ತೊಟ್ಟಾಗ ಮೈಮೇಲಿದ್ದದ್ದು ಸಾಯಿಶಾ ಹೊಲಿದ ಬೆಳ್ಳಿ ಬಣ್ಣದ ಗೌನು. ನೇಪಾಳದ ಅಂಜಲಿ ಲಾಮಾ 2017ರಲ್ಲಿ ಲ್ಯಾಕ್ಮೆ ಫ್ಯಾಶನ್ ವೀಕ್‌ನಲ್ಲಿ ನಡೆದ ಮೊದಲ ಟ್ರಾನ್ಸ್ ರೂಪದರ್ಶಿ.

377ನೆಯ ಕಲಮನ್ನು 2009ರಲ್ಲಿ ದೆಹಲಿ ಹೈಕೋರ್ಟ್ ಸಡಿಲಿಸಿತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಗಿಗೊಳಿಸಿತು, 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧವೆಂಬ ಪಟ್ಟಿಯಿಂದ ತೆಗೆಯಿತು. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪು ಕೊಡಲಿಲ್ಲ. ಇಬ್ಬರು ಸೇರಿ ಕಟ್ಟಿದ ಅಂಗಡಿ, ಬ್ರಾಂಡು, ಮನೆ ಒಬ್ಬರು ತೀರಿದ ಮೇಲೆ ಇನ್ನೊಬ್ಬರಿಗೆ ದಕ್ಕಬೇಕಾದರೆ ಉಯಿಲು ಬರೆದಿಡಲೇಬೇಕು.

ಕರ್ನಾಟಕದಲ್ಲಿ ಇಂದು

ಬೆಂಗಳೂರಿನಲ್ಲಿ ಈ ಸಮುದಾಯದ ಪ್ರಭಾವ ವಿನ್ಯಾಸಕಾರರ ಮಳಿಗೆಗಳಿಗಿಂತ ವೇದಿಕೆ, ಮೇಕಪ್ ಮತ್ತು ಮೆರವಣಿಗೆಗಳಲ್ಲಿ ಹೆಚ್ಚು ಕಾಣುತ್ತದೆ. 2008ರಲ್ಲಿ ನಗರದ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. 2014ರಿಂದ ಅಲೆಕ್ಸ್ ಮ್ಯಾಥ್ಯೂ 'ಮಾಯಾ' ಎಂಬ ಪಾತ್ರದಲ್ಲಿ ಸೀರೆ ಉಟ್ಟು ಡ್ರ್ಯಾಗ್ ಪ್ರದರ್ಶನ ಕೊಡುತ್ತ ಬಂದಿದ್ದಾರೆ. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ 'ನಾನು ಅವನಲ್ಲ... ಅವಳು' ಚಿತ್ರ ಸಂಚಾರಿ ವಿಜಯ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ತಂದದ್ದು ಎಲ್ಲರ ನೆನಪಿನಲ್ಲಿದೆ. ಅದೇ ಚಿತ್ರದ ಪ್ರಸಾಧನಕ್ಕೂ ರಾಷ್ಟ್ರಪ್ರಶಸ್ತಿ ಬಂದದ್ದು ಅಷ್ಟಾಗಿ ಚರ್ಚೆಯಾಗಲಿಲ್ಲ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ ಆ ಚಿತ್ರದಲ್ಲಿ ಹುಡುಗನೊಬ್ಬ ಹೆಣ್ಣಾಗುವುದನ್ನು ಪ್ರೇಕ್ಷಕ ನಂಬಬೇಕಾದರೆ ಬಣ್ಣ, ಕೂದಲು, ಬಟ್ಟೆಯ ಕೆಲಸ ಅಷ್ಟೇ ನಿಖರವಾಗಿರಬೇಕಿತ್ತು.

ಸಣ್ಣ ಊರುಗಳಲ್ಲಿ ಕಸುಬಿನ ರೂಪ ಬೇರೆ. ಮದುವೆ, ಸೀಮಂತದ ಹೊತ್ತಿಗೆ ಮೆಹಂದಿ ಹಾಕುವುದು, ವಧುವಿಗೆ ಸೀರೆ ಉಡಿಸುವುದು, ಜಾಕೀಟಿಗೆ ಆರಿ ಕೆಲಸ, ಸೀರೆಗೆ ಪೀಕೋ-ಫಾಲ್, ಬ್ಯೂಟಿ ಪಾರ್ಲರ್. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಮಾಣಿಕನಗರದ ದತ್ತ ಜಯಂತಿ, ಬಸವಕಲ್ಯಾಣದ ಉತ್ಸವಗಳ ಕಾಲಕ್ಕೆ ಇಂಥ ಕೆಲಸಕ್ಕೆ ಬೇಡಿಕೆ ಏರುತ್ತದೆ. ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಕನ್ನಡಿ ಕಸೂತಿಯ ಪರಂಪರೆಯಿದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಮಾನ್ಯತೆ ಸಿಕ್ಕಿದ್ದು ಈ ಕಸುಬಿಗೆ ಮಾರುಕಟ್ಟೆ ಇದೆಯೆಂಬುದಕ್ಕೆ ಪುರಾವೆ. ಭಿಕ್ಷೆಯ ಹಾದಿ ಬಿಟ್ಟು ಸೂಜಿ ಹಿಡಿಯಬೇಕೆನ್ನುವವರಿಗೆ ಕಲಿಯಲು ಇಲ್ಲಿ ಬೇಕಾದಷ್ಟಿದೆ. ಕೊರತೆ ಇರುವುದು ಬಾಡಿಗೆಗೆ ಅಂಗಡಿ ಕೊಡುವವರದು, ಅಳತೆ ಕೊಡಲು ಮುಜುಗರಪಡದ ಗಿರಾಕಿಯದು.

ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಲಿಂಗತ್ವವನ್ನು ಅವರವರೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಮಾನ್ಯ ಮಾಡಿತು. ಕರ್ನಾಟಕ 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ರಾಜ್ಯ ನೀತಿ ರೂಪಿಸಿತು; 2021ರಲ್ಲಿ ಸರ್ಕಾರಿ ಹುದ್ದೆಗಳಲ್ಲಿ ಶೇ. 1ರ ಸಮತಲ ಮೀಸಲಾತಿ ಕೊಟ್ಟ ಮೊದಲ ರಾಜ್ಯವಾಯಿತು. ಸಿದ್ಧ ಉಡುಪಿನ ಕಾರ್ಖಾನೆಗಳು ಖಾಸಗಿಯವಾದ್ದರಿಂದ ಈ ಮೀಸಲಾತಿ ಅಲ್ಲಿಗೆ ತಲುಪುವುದಿಲ್ಲ. 'ಮೈತ್ರಿ' ಹೆಸರಿನ ಮಾಸಾಶನವಿದೆ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಪುನರ್ವಸತಿ ಯೋಜನೆಯಲ್ಲಿ ಸ್ವಂತ ಉದ್ಯೋಗಕ್ಕೆ ನೆರವು ಪಡೆದು ಹೊಲಿಗೆ ಯಂತ್ರ ಕೊಳ್ಳಬಹುದು, ಅಂಗಡಿ ಹಾಕಬಹುದು. ಗುರುತಿನ ಪತ್ರಕ್ಕೆ 2019ರ ಕೇಂದ್ರ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು, ಆನ್‌ಲೈನಿನಲ್ಲೂ ಹಾಕಬಹುದು. ಬಸವಕಲ್ಯಾಣ, ಹುಮನಾಬಾದಿನವರಿಗೆ ಆ ಕಚೇರಿ ಇರುವುದು ಬೀದರಿನಲ್ಲಿ.